ತೊಂಬತ್ತು ಅಡಿ ಆಳದಲ್ಲಿ ನಡೆದದ್ದು

ಬೆಟಗೇರಿ
೧೮ ಜುಲೈ ೧೯೮೨, ರವಿವಾರ

ಪ್ರೀತಿಯ ಅಂದಪ್ಪನಿಗೆ,

ಮರ್ದಾನಸಾಬನ ಸಲಾಮು. ಇಲ್ಲಿ ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ಮೇಲೆ ಒಂದು ಸಾಲು ಹೊಡೆದುಹಾಕಿದ್ದು ಕಾಣುತ್ತದಲ್ಲ, ಅಲ್ಲಿ 'ಆರಾಮಾಗಿ ನಡೆದಾಡಿಕೊಂಡಿದ್ದೇನೆ' ಎಂದು ಬರೆದುಬಿಟ್ಟಿದ್ದೆ. ಹಾಸಿಗೆ ಹಿಡಿದ ನಿನಗೆ ಅದನ್ನು ಬರೆಯಬಾರದಿತ್ತು. ಕ್ಷಮಿಸು.

ನಿನ್ನ ಮೂರು ಕಾಗದಗಳೂ ಬಂದಿವೆ. ಮೊದಲನೆಯದು ಬಂದು ಎರಡು ತಿಂಗಳ ಮೇಲಾಯಿತು. ಕೆಲಸ ಹೆಚ್ಚಿತ್ತು ಎಂದು ಹೇಳಬಹುದು, ಆದರೆ ಹೆಚ್ಚೇನೂ ಇರಲಿಲ್ಲ. ಕವರಿನ ಮೇಲೆ ನಿನ್ನ ಹೆಸರು, ಮುಂಡರಗಿಯ ವಿಳಾಸ ಬರೆಯುವುದು, ಒಳಗೆ ಹಾಕಲು ಏನೂ ಹೊಳೆಯದೆ ಎತ್ತಿಡುವುದು, ಹೀಗೆಯೇ ದಿನ ಹೋದವು. ಗದಗಿನಿಂದ ನಿಮ್ಮೂರಿಗೆ ಬಸ್ಸಿನಲ್ಲಿ ಒಂದು ತಾಸಿನ ಮೇಲೆ ಸ್ವಲ್ಪ ಹಿಡಿಯಬಹುದು. ನಾನು ಇನ್ನೂ ಬಂದಿಲ್ಲ.

ಜೂನಿನಿಂದ ಗದಗಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೇನೆ. ಬೆಟಗೇರಿಯಲ್ಲಿ ನೇಕಾರರ ಮನೆಯೊಂದರ ಮುಂದಿನ ಖೋಲಿ ಹಿಡಿದಿದ್ದೇನೆ. ಬೆಳಗಿನಿಂದ ಮಗ್ಗದ ಸದ್ದು. ಅಮ್ಮ ಲಕ್ಷ್ಮೇಶ್ವರದಲ್ಲೇ ಇದ್ದಾಳೆ. ಹೋದಾಗಲೆಲ್ಲ ನನ್ನ ತಲೆ ಸವರಿ, "ಸಮುದ್ರ ಬಿಟ್ಟು ಬಂದಿ, ಸಾಕಪಾ. ನನಗ ಬ್ಯಾರೆ ಏನೂ ಬ್ಯಾಡ" ಅನ್ನುತ್ತಾಳೆ.

ನನಗೆ ನೀರಿನ ಅಂಜಿಕೆ ಹತ್ತಿದೆ ಅಂದಪ್ಪಾ. ನಿನ್ನ ಮುಂದಲ್ಲದೆ ಇನ್ಯಾರ ಮುಂದೆ ಹೇಳಲಿ? ಸ್ನಾನಕ್ಕೆ ಕುಳಿತರೆ ಹೆಗಲಿನ ತನಕ ಮಾತ್ರ ತಂಬಿಗೆ ಎತ್ತುತ್ತೇನೆ. ತಲೆಗೆ ಸುರಿದುಕೊಂಡು ನೀರು ಮೂಗಿನ ಮೇಲೆ ಇಳಿದರೆ ಎದೆ ಕಟ್ಟಿ, ಬಚ್ಚಲಿನಿಂದ ಹಾಗೆಯೇ ಹೊರಗೆ ಓಡಿಬರುತ್ತೇನೆ. ಮಳೆ ಬಂದ ದಿನ ಕಾಲೇಜಿಗೆ ಹೋಗುವುದೇ ಕಷ್ಟ. ಪೋಸ್ಟಿನವನ ಸೈಕಲ್ ಗಂಟೆ ಕೇಳಿದರೂ ಎದ್ದು ಹಿತ್ತಲಿಗೆ ಹೋಗಿಬಿಡುತ್ತೇನೆ. ಅದು ಯಾಕೆಂದು ಕೇಳಬೇಡ.

ಕಾಲೇಜಿನಲ್ಲಿ ಪ್ರಿನ್ಸಿಪಾಲರು ನನ್ನನ್ನು ಎಲ್ಲರಿಗೂ ಪರಿಚಯಿಸಿದ್ದು ಹೀಗೆ: "ಇವರು ನಮ್ಮ ಲಕ್ಷ್ಮೇಶ್ವರದವರು. ಎರಡ ವರ್ಷ ಲಕ್ಷದ್ವೀಪದ ಸಮುದ್ರದಾಗ ಮುಳುಗಿ ಹವಳದ ದಿಬ್ಬ ನೋಡಿ ಬಂದಾರ!" ಎಲ್ಲರೂ ಚಪ್ಪಾಳೆ ತಟ್ಟಿದರು. ಬಾವಿಯಲ್ಲಿ ಈಜು ಕಲಿತ ನಾವಿಬ್ಬರು ಧಾರವಾಡದ ಓದು ಮುಗಿಸಿ ಆ ದ್ವೀಪಕ್ಕೆ ಹೋದದ್ದು, ಹಡಗಿನಲ್ಲಿ ನಾನು ಮೂರು ದಿನ ವಾಂತಿ ಮಾಡಿದ್ದು, ನೀನು ಬಕೆಟ್ ಹಿಡಿದು ಕುಳಿತದ್ದು ಅವರಿಗೆ ಗೊತ್ತಿಲ್ಲ.

ಕಳೆದ ವಾರ ಸ್ಪಂಜಿನ ಪಾಠವಿತ್ತು. ಬೋರ್ಡಿನ ಮೇಲೆ ಒಂದು ಕೊಡ ಬರೆದು, ಮೈತುಂಬ ತೂತು ಬರೆದೆ. ಹೊಂಬಳದಿಂದ ಬಸ್ಸಿಗೆ ಬರುವ ಗುರುಸಿದ್ದವ್ವ ಎಂಬ ಹುಡುಗಿ ಎದ್ದು ನಿಂತಳು.

"ಸರ್, ಅದಕ್ಕ ಬಾಯಿಲ್ಲ, ಹೊಟ್ಟಿಲ್ಲ, ಕುಂತಲ್ಲಿಂದ ಏಳೂದಿಲ್ಲ ಅಂತೀರಿ. ಮತ್ತ ಉಣ್ಣೂದು ಹೆಂಗ್ರಿ?"

ನಾನು ಹೇಳಿದೆ. ಮೈಮೇಲಿನ ಸಣ್ಣ ತೂತುಗಳಿಂದ ನೀರು ಒಳಗೆ ಹೋಗುತ್ತದೆ. ಒಳಗಿನ ಸಣ್ಣ ಸಣ್ಣ ಕೋಣೆಗಳಲ್ಲಿ ಲಕ್ಷಗಟ್ಟಲೆ ಜೀವಕೋಶಗಳು ಚಾವಟಿಯಂಥ ಬಾಲ ಬೀಸುತ್ತ ನೀರನ್ನು ಎಳೆಯುತ್ತಿರುತ್ತವೆ. ಪ್ರತಿಯೊಂದು ಜೀವಕೋಶದ ಕೊರಳಿಗೂ ಜರಡಿಯಂಥ ಪಟ್ಟಿ ಇರುತ್ತದೆ. ನೀರಿನಲ್ಲಿದ್ದ ಬ್ಯಾಕ್ಟೀರಿಯಾ ಅಲ್ಲಿ ಸಿಕ್ಕಿಬೀಳುತ್ತವೆ, ಅದೇ ಊಟ. ಸೋಸಿದ ನೀರು ಮೇಲಿನ, ಕೊಡದ ಬಾಯಿಯಂಥ ದೊಡ್ಡ ತೂತಿನಿಂದ ಹೊರಗೆ ಬರುತ್ತದೆ. ಒಂದು ಕೊಡದಷ್ಟಿರುವ ಸ್ಪಂಜು ದಿನಕ್ಕೆ ಸಾವಿರಾರು ಕೊಡ ನೀರು ಸೋಸುತ್ತದೆ ಎಂದಾಗ, ಹಿಂದಿನಿಂದ ಯಾರೋ, "ಬೆಟಗೇರಿಗೆ ತಂದ್ರ ನಳಾನ ಬತ್ತಿ ಹೋಗತಾವ್ರಿ ಸರ್!" ಅಂದರು. ವಾರಕ್ಕೊಮ್ಮೆ ನಳ ಬರುವ ಊರು. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ.

ಆ ಹುಡುಗಿ ಮಾತ್ರ ನಗಲಿಲ್ಲ. "ನೀರು ಹೊರಗ ಬರೂದು ನಿಮ್ಮ ಕಣ್ಣಿಗೆ ಹೆಂಗ ಕಾಣತಿತ್ರಿ?" ಎಂದು ಕೇಳಿದಳು.

ಸಿರಿಂಜಿನಲ್ಲಿ ಹಸಿರು ಬಣ್ಣ ತುಂಬಿ ಸ್ಪಂಜಿನ ಬುಡದಲ್ಲಿ ಬಿಡುತ್ತಿದ್ದೆವು ಎಂದು ಶುರುಮಾಡಿದೆ. ಆ ಬಣ್ಣ ತೂತುಗಳಲ್ಲಿ ಹೋಗಿ ಮಾಯವಾಗುತ್ತದೆ, ಸ್ವಲ್ಪ ಹೊತ್ತಿಗೆ ಮೇಲಿನ ಬಾಯಿಯಿಂದ... ಅಲ್ಲಿಗೆ ನನ್ನ ಧ್ವನಿ ನಿಂತುಹೋಯಿತು. ಚಾಕ್‌ಪೀಸು ಇಟ್ಟು ಹೊರಗೆ ಬಂದು ಪ್ರಯೋಗಶಾಲೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತೆ. ಉಸಿರು ಸರಿಯಾಗಲು ಅರ್ಧ ತಾಸು ಬೇಕಾಯಿತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಮೂರೂ ಕಾಗದಗಳಲ್ಲಿ ಅದನ್ನೇ ಕೇಳಿದ್ದೀಯ. "ಸ್ಪಂಜಿನ ಬಾಯಿಂದ ಹಸಿರ ಬಣ್ಣ ಹೊಗಿಯಂಗ ಏಳತು, ಅಲ್ಲಿತನಕ ನೆನಪೈತಿ. ಮುಂದ ಹಡಗಿನ್ಯಾಗ ಕಣ್ಣ ತೆರದದ್ದ. ನಡುವ ಏನಾತು, ನೀ ಒಬ್ಬನ ನೋಡಿದಂವ" ಎಂದು ಬರೆದಿದ್ದೀಯ.

ಅಂದಪ್ಪಾ, ಫೆಬ್ರುವರಿ ಒಂಬತ್ತರ ಮಧ್ಯಾಹ್ನ ತೊಂಬತ್ತು ಅಡಿ ಆಳದಲ್ಲಿ ನಿನ್ನ ಸಿಲಿಂಡರಿನ ಗಾಳಿ ಮುಗಿಯಿತು. ನೀನು ಗಾಬರಿಯಾಗಿ, ನಡುವೆ ಎಲ್ಲೂ ನಿಲ್ಲದೆ ಒಮ್ಮೆಲೇ ಮೇಲೆ ಎದ್ದೆ. ನಾನು ನಿನ್ನ ಸಿಲಿಂಡರಿನ ಪಟ್ಟಿ ಹಿಡಿದುಕೊಂಡು ಹಿಂದೆಯೇ ಬಂದೆ. ನಾವು ಕೆಲಸಕ್ಕಿದ್ದ ಸಂಶೋಧನಾ ಕೇಂದ್ರದವರ ವರದಿಯಲ್ಲೂ ಇದೇ ಇದೆ. ಗಾಬರಿ ಯಾರಿಗಾದರೂ ಆಗುವಂಥದ್ದು. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿಮ್ಮವ್ವ ಹನಮಂತವ್ವನಿಗೆ ನನ್ನ ಸಲಾಮು ಓದಿ ಹೇಳು. ನಿನ್ನ ಕಾಲಿಗೆ ಬಲ ಬರಲಿ ಎಂದು ದಿನಕ್ಕೆ ಐದು ಸಲ ಕೇಳಿಕೊಳ್ಳುತ್ತಿದ್ದೇನೆ.

ನಿನ್ನ
ಮರ್ದಾನಸಾಬ


ಬೆಟಗೇರಿ
೧೪ ನವೆಂಬರ್ ೧೯೮೨, ರವಿವಾರ

ಪ್ರೀತಿಯ ಅಂದಪ್ಪನಿಗೆ,

ಸಲಾಮು. ನಿಮ್ಮ ಮನೆಗೆ ಬಂದು ಹೋಗಿ ಮೂರು ವಾರವಾಯಿತು. ತಲುಪಿದ ಕೂಡಲೇ ಕಾಗದ ಹಾಕುತ್ತೇನೆಂದು ಹೇಳಿ ಹಾಕಲಿಲ್ಲ. ಈ ಸಲ ಹಾಳೆ ಖಾಲಿ ಇರಲಿಲ್ಲ. ಬರೆದು ಬರೆದು ಹರಿದೆ.

ಆ ದಿನ ಮುಂಡರಗಿಯ ಬಸ್ಸು ಹತ್ತುವ ಮೊದಲು ಗದಗಿನ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟೆ. ಮೂರನೆಯದಕ್ಕೆ ಕಂಡಕ್ಟರ್, "ಏನ್ರಿ ಮಾಸ್ತರ, ಹತ್ತಾವ್ರೋ ಇಲ್ಲೋ?" ಎಂದು ಗದರಿದ ಮೇಲೆ ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಅಂದಪ್ಪನಿಗೆ ಎಲ್ಲ ನೆನಪಾಗಿಬಿಟ್ಟಿದ್ದರೆ? ಬಾಗಿಲಲ್ಲಿ ಹನಮಂತವ್ವ ನಿಂತು, "ಒಳಗ ಬರಬ್ಯಾಡ" ಅಂದರೆ?

ಅವಳು ಹಾಗೆ ಅನ್ನಲಿಲ್ಲ. ನಿನ್ನ ಮಂಚದಿಂದ ಅಡಿಗೆಮನೆ ಕಾಣುವುದಿಲ್ಲವಲ್ಲ, ಅಲ್ಲಿ ನಡೆದದ್ದನ್ನು ಹೇಳುತ್ತೇನೆ. ನನ್ನನ್ನು ಒಲೆಯ ಪಕ್ಕ ಕೂಡಿಸಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹಾಕಿದಳು. ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಪೆಟ್ಟ ಬಿದ್ದಿಲ್ಲ, ಎಲುಬ ಮುರದಿಲ್ಲ. ಮತ್ತ ಕಾಲು ಯಾಕ ಹಿಂಗಾದುವೋ ಯಪ್ಪಾ? ಡಾಕ್ಟರ ಹೇಳಿದ್ದು ನನಗ ತಿಳೀಲಿಲ್ಲ."

"ಗೋಲಿ ಸೋಡಾ ನೋಡೀರಲ್ರಿ ಅವ್ವಾ," ಅಂದೆ. "ಗೋಲಿ ಒತ್ತೂತನಕ ಒಳಗ ಗುಳ್ಳಿ ಕಾಣೂದಿಲ್ಲ. ಒಮ್ಮೆಲೆ ತೆಗದ್ರ ಬುಸ್ ಅಂತ ಏಳತಾವು. ಆಳದಾಗ ಉಸಿರಾಡಿದ ಗಾಳಿ ರಕ್ತದಾಗ ಹಂಗ ಕರಗಿರತೈತ್ರಿ. ನಿಧಾನ ಮ್ಯಾಲೆ ಬಂದ್ರ ಉಸರಿನ್ಯಾಗ ಹೋಗಿಬಿಡತೈತಿ. ಜಲ್ದಿ ಬಂದ್ರ ಗುಳ್ಳಿ ಎದ್ದು ಬೆನ್ನಿನ ನರಕ್ಕ ಹೊಕ್ಕೊಂಡು ಕುಂಡ್ರತಾವು."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಿಂದಲೇ ನನ್ನ ಗಲ್ಲ ಹಿಡಿದಳು. "ನೀ ಹಿಡಕೊಂಡು ಬರದಿದ್ರ ನನ್ನ ಮಗಾ ನೀರಾಗ ಹೋಗತಿದ್ದ. ನನ್ನ ಪಾಲಿಗೆ ನೀ ದೇವರಾಗಿ ಬಂದಿ" ಅಂದಳು.

ಆ ಕೈಯನ್ನು ಸರಿಸಲೂ ಆಗಲಿಲ್ಲ, ಅದರ ಕೆಳಗೆ ಕುಳಿತಿರಲೂ ಆಗಲಿಲ್ಲ. ಸಮುದ್ರದಲ್ಲೂ ನಾನು ಅಷ್ಟು ಹೆದರಿರಲಿಲ್ಲ.

ಆಮೇಲೆ ಇನ್ನೊಂದು ಸಂಗತಿ ಹೇಳಿದಳು. "ಸಾಲಿ ಹೆಡ್‌ಮಾಸ್ತರ ಎರಡ ಸಲ ಬಂದು ಹೋದ್ರು. ಕುಂತಲ್ಲೇ ಕಲಸಲಿ, ಗಾಲಿ ಕುರ್ಚಿ ನಾವ ತರತೀವಿ ಅಂದ್ರು. ಇಂವ ಒಲ್ಲೆ ಅಂತಾನ. ಯಾಕಂತ ಬಾಯಿ ಬಿಡವಲ್ಲ. ನೀ ಕೇಳಪಾ, ನಿನ್ನ ಮುಂದ ಹೇಳತಾನು."

ಅವಳು ನೀರಿಗೆ ಹೋದಾಗ ನಾನು ಕೇಳಿದೆ. ನೀನು ಗೋಡೆ ನೋಡುತ್ತ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಅಂಜಿ, ಜೊತಿಗಾರನ್ನ ಆಳದಾಗ ಬಿಟ್ಟು ಓಡಿದಂವ ನಾ. ನೀನ ಬರದೀಯಲ್ಲ. ಹುಡುಗ್ರ ಮುಂದ ಕುಂತು ಏನಂತ ಕಲಸ್ಲಿ?" ಆಮೇಲೆ ತಿರುಗಿ, "ಖರೆ ಹೇಳು ಮರ್ದಾನ, ನಾ ಅಷ್ಟು ಅಂಜಿದ್ನೇನು?" ಅಂದೆ.

ನಾನು, "ಯಾರರೆ ಅಂಜತಾರ ಬಿಡು" ಅಂದೆ.

"ಆತು" ಅಂದು ನೀನು ದಿಂಬಿನ ಕೆಳಗಿನಿಂದ ನಾಲ್ಕು ವಹಿ ತೆಗೆದು ನನ್ನ ಕೈಗಿಟ್ಟೆ. "ಸ್ಪಂಜಿನ ಲೆಕ್ಕ ಎಲ್ಲಾ ಇದರಾಗೈತಿ. ನೀ ಇಟಕೋ. ನನಗಿನ್ನ ಬ್ಯಾಡ."

ಆ ವಹಿಗಳನ್ನು ಈ ಮೂರು ವಾರ ಓದಿದೆ. ನೀನು ಎಷ್ಟು ಕೆಲಸ ಮಾಡಿದ್ದೀಯೆಂದು ನನಗೆ ಗೊತ್ತೇ ಇರಲಿಲ್ಲ. ಹವಳದ ದಿಬ್ಬದ ನೀರು ಅಷ್ಟು ತಿಳಿಯಾಗಿರುವುದು ಅದರಲ್ಲಿ ತಿನ್ನುವಂಥದ್ದು ಏನೂ ಇಲ್ಲದ್ದಕ್ಕೇ, ಮತ್ತೆ ಅಷ್ಟು ದೊಡ್ಡ ಜೀವ ಅಲ್ಲಿ ಬದುಕುವುದು ಹೇಗೆ ಎಂದು ಮೊದಲನೆಯ ವಹಿಯ ಮೊದಲ ಪುಟದಲ್ಲೇ ಬರೆದಿದ್ದೀಯ. ಒಳಗೆ ಹೋಗುವ ನೀರು ಒಂದು ಬಾಟಲಿ, ಹೊರಗೆ ಬರುವ ನೀರು ಒಂದು ಬಾಟಲಿ, ಹೀಗೆ ಇನ್ನೂರ ಹನ್ನೆರಡು ಜೋಡಿ. ನೀನು ನಿಲ್ಲಿಸಿದಲ್ಲಿಂದ ನಾನು ಲೆಕ್ಕ ಮುಗಿಸಿದೆ. ಸ್ಪಂಜು ಉಸಿರಾಡಲು ಖರ್ಚು ಮಾಡುವುದಕ್ಕೆ ಹೋಲಿಸಿದರೆ, ಅದು ಹಿಡಿಯುವ ಬ್ಯಾಕ್ಟೀರಿಯಾ ಮತ್ತು ಕಣಗಳೆಲ್ಲ ಸೇರಿ ಕಾಲು ಪಾಲೂ ಆಗುವುದಿಲ್ಲ. ಉಳಿದ ಮುಕ್ಕಾಲು ಎಲ್ಲಿಂದ? ಬಿಸಿಲು ಬೀಳುವ ಮೇಲಿನ ದಿಬ್ಬದಲ್ಲಿ ಕೆಲವು ಸ್ಪಂಜುಗಳ ಮೈಯೊಳಗೆ ಹಸಿರು ಸೂಕ್ಷ್ಮಜೀವಿಗಳಿದ್ದು, ಬೆಳಕಿನಿಂದ ಊಟ ಮಾಡಿಕೊಡುತ್ತವೆ. ಆದರೆ ನಮ್ಮದು ಆಳದ್ದು, ಅಲ್ಲಿ ಅಷ್ಟು ಬೆಳಕಿಲ್ಲ. ನೀನು ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ 'ಕರಗಿದ್ದು?' ಎಂದು ಬರೆದಿದ್ದೀಯ. ಚಹಾದಲ್ಲಿ ಕರಗಿದ ಸಕ್ಕರೆ ಜರಡಿಗೆ ಸಿಗದು, ಆದರೆ ಇದ್ದೇ ಇರುತ್ತದೆ. ಹಾಗೆ ನೀರಿನಲ್ಲಿ ಕರಗಿದ ಆಹಾರವನ್ನೇ ಸ್ಪಂಜು, ಇಲ್ಲವೆ ಅದರ ಮೈಯೊಳಗೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಹೀರುತ್ತಿರಬೇಕು. ಇದನ್ನು ಸಿದ್ಧ ಮಾಡಿ ತೋರಿಸಲು ನಮ್ಮ ಬಾಟಲಿಗಳು ಸಾಲವು. ಆದರೆ ಪ್ರಶ್ನೆ ಸರಿಯಾಗಿದೆ, ಅದು ನಿನ್ನದು. ವಹಿಗಳನ್ನು ರಿಜಿಸ್ಟರ್ ಪೋಸ್ಟಿನಲ್ಲಿ ತಿರುಗಿ ಕಳಿಸುತ್ತಿದ್ದೇನೆ. ನನ್ನ ಹತ್ತಿರ ಇರತಕ್ಕವಲ್ಲ.

ಗುರುಸಿದ್ದವ್ವನಿಗೆ ಬಣ್ಣದ ಕಥೆ ಪೂರ್ತಿ ಹೇಳಿದೆ. ಈ ಸಲ ಹೊರಗೆ ಓಡಲಿಲ್ಲ.

ಹನಮಂತವ್ವನಿಗೆ ಸಲಾಮು. ಆ ಮನೆಯಲ್ಲಿ ಅನ್ನ ನೀರಿಗೆ ಯಾವತ್ತೂ ಕಡಿಮೆಯಾಗದಿರಲಿ, ಅಲ್ಲಾಹ್ ನಿನ್ನ ಕೈಗೆ ಬೇಕಾದಷ್ಟು ಕೆಲಸ ಕೊಡಲಿ.

ನಿನ್ನ
ಮರ್ದಾನಸಾಬ

ತಾ.ಕ.: ನನ್ನ ಕಾಗದಗಳನ್ನು ನೀನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳುತ್ತೀಯೆಂದು ಗೊತ್ತು. ಇಲ್ಲಿಗೆ ನಿಲ್ಲಿಸು. ಮುಂದಿನದನ್ನು ಒಬ್ಬನೇ ಓದು.

ಜುಲೈಯಲ್ಲಿ ನಾನು ಬರೆದದ್ದು ಸುಳ್ಳು.

ಆ ದಿನ ಬೆಳಿಗ್ಗೆ ಮುಳುಗುವ ಸರದಿ ನನ್ನದಿತ್ತು. ಕಿವಿ ನೋವೆಂದು ಹೇಳಿದೆ. ನೋವಿರಲಿಲ್ಲ, ಅಂಜಿಕೆ ಇತ್ತು. ಎರಡು ವರ್ಷವೂ ಪ್ರತಿ ಸಲವೂ ಇತ್ತು. ನನ್ನ ಬದಲಿಗೆ ನೀನು ಹೋದೆ. ಆದ್ದರಿಂದ ಮಧ್ಯಾಹ್ನದ್ದು ನಿನಗೆ ಎರಡನೆಯ ಮುಳುಗು, ನನಗೆ ಮೊದಲನೆಯದು. ನಿನ್ನ ರಕ್ತದಲ್ಲಿ ಆಗಲೇ ಬೆಳಗಿನ ಗಾಳಿ ಕರಗಿತ್ತು. ಒಂದೇ ರೀತಿ ಮೇಲೆ ಬಂದರೂ ನಿನ್ನ ಕಾಲು ಹೋಗಿ ನನ್ನವು ಉಳಿದದ್ದು ಇದಕ್ಕೇ ಇರಬೇಕು.

ಹಸಿರು ಬಣ್ಣ ಸ್ಪಂಜಿನ ಬಾಯಿಯಿಂದ ಎದ್ದಾಗ ನೀನು ಖುಷಿಯಿಂದ ನನ್ನ ಕಡೆ ತಿರುಗಿದೆ. ಆಗಲೇ ನನ್ನ ಉಸಿರು ಬಿಗಿಯಾಗುತ್ತಿತ್ತು. ಹೆದರಿ ಜೋರಾಗಿ ಉಸಿರಾಡಿದ್ದಕ್ಕೆ ಗಾಳಿ ಬೇಗ ತೀರಿತ್ತು, ಗಾಳಿಯ ಅಳತೆ ತೋರಿಸುವ ಮುಳ್ಳಿನ ಕಡೆ ನಾನು ನೋಡಿರಲೇ ಇಲ್ಲ. ಗಾಳಿ ಮುಗಿಯಿತೆಂದು ಕೊರಳಿಗೆ ಕೈ ಅಡ್ಡ ಇಟ್ಟು ತೋರಿಸಿದೆ. ನೀನು ಒಂದು ಉಸಿರು ಎಳೆದುಕೊಂಡು ನಿನ್ನ ಬಾಯಿಯಲ್ಲಿದ್ದ ಗಾಳಿಯ ನಳಿಗೆಯನ್ನು ತೆಗೆದು ನನಗೆ ಕೊಟ್ಟೆ. ಇಬ್ಬರೂ ಎರಡೆರಡು ಉಸಿರು ಹಂಚಿಕೊಂಡು ನಿಧಾನವಾಗಿ ಏರಬೇಕು, ಅದೇ ನಿಯಮ.

ನಾನು ತಿರುಗಿ ಕೊಡಲಿಲ್ಲ ಅಂದಪ್ಪಾ. ಹಲ್ಲಿನಿಂದ ಕಚ್ಚಿ ಹಿಡಿದೆ. ನೀನು ನನ್ನ ಮುಂಗೈ ಮುಟ್ಟಿ ಒಮ್ಮೆ ಕೇಳಿದೆ, ಇನ್ನೊಮ್ಮೆ ಕೇಳಿದೆ. ಮೂರನೆಯ ಸಲ ಕೇಳುವಷ್ಟರಲ್ಲಿ ನಾನು ಹವಳವನ್ನು ಕಾಲಿನಿಂದ ಒದ್ದು ಮೇಲೆ ಎದ್ದೆ. ನಳಿಗೆ ನನ್ನ ಬಾಯಲ್ಲಿ, ಸಿಲಿಂಡರು ನಿನ್ನ ಬೆನ್ನ ಮೇಲೆ. ನೀನು ಬರದೆ ಏನು ಮಾಡುತ್ತಿದ್ದೆ? ನಿನಗೆ ನನಗಿಂತ ಶಕ್ತಿ ಹೆಚ್ಚು, ಕಸಿದುಕೊಳ್ಳಬಹುದಿತ್ತು. ಕಸಿಯಲಿಲ್ಲ. ಕಲಿಸಿದಂತೆ ಸಣ್ಣಗೆ ಉಸಿರು ಬಿಡುತ್ತ, ನನ್ನ ಮುಖದ ಮುಂದೆ ಅಂಗೈ ಹಿಡಿದು 'ನಿಧಾನ, ನಿಧಾನ' ಎಂದು ತೋರಿಸುತ್ತಲೇ ಬಂದೆ. ಮೇಲೆ ಬಂದ ಕೂಡಲೇ ನೀನು ಆಡಿದ ಮಾತು, "ಆರಾಮ ಅದಿಯೇನಲೇ?" ದೋಣಿ ಹತ್ತಿ ಹತ್ತು ನಿಮಿಷಕ್ಕೆ ನಿನ್ನ ಕಾಲು ಸತ್ತವು, ಆಮೇಲೆ ಎಚ್ಚರ ತಪ್ಪಿತು.

ಇನ್ನೂ ಒಂದಿದೆ. ದೋಣಿಯವನು ನಿನ್ನ ಎದೆ ಉಜ್ಜುತ್ತಿದ್ದಾಗ ನಾನು ಬೆನ್ನು ತಿರುಗಿಸಿ ನಿನ್ನ ಸಿಲಿಂಡರಿನಲ್ಲಿ ಉಳಿದಿದ್ದ ಗಾಳಿ ಬಿಟ್ಟುಬಿಟ್ಟೆ. ಖಾಲಿಯಾಗಿದ್ದ ಸಿಲಿಂಡರು ನನ್ನದೆಂದು ಗೊತ್ತಾಗಬಾರದೆಂದು ಅದರ ಮೇಲಿನ ನಂಬರಿನ ಬಿಲ್ಲೆ ಬಿಚ್ಚಿ ಸಮುದ್ರಕ್ಕೆ ಎಸೆದೆ. ವಿಚಾರಣೆಯಲ್ಲಿ ಯಾರ ಗಾಳಿ ಮುಗಿಯಿತೆಂದು ಕೇಳಿದಾಗ, "ಅಂದಪ್ಪಂದು" ಅಂದೆ.

ನವೆಂಬರ್ ಒಂದಕ್ಕೆ ಇದಿಷ್ಟನ್ನೂ ಕೇಂದ್ರಕ್ಕೆ ಬರೆದು ಕಳಿಸಿದೆ. ಮೊನ್ನೆ ಉತ್ತರ ಬಂತು. ವರದಿಯನ್ನು ತಿದ್ದುತ್ತಾರೆ, ಡಿಸೆಂಬರಿನಲ್ಲಿ ನಾನು ವಿಚಾರಣೆಗೆ ಹಾಜರಾಗಬೇಕು. ಆ ಉತ್ತರದ ನಕಲು ಈ ಕವರಿನಲ್ಲೇ ಇದೆ, ಹೆಡ್‌ಮಾಸ್ತರರಿಗೆ ತೋರಿಸು. ನಾಳೆ ಪ್ರಿನ್ಸಿಪಾಲರಿಗೂ ಹೇಳುತ್ತೇನೆ. ಕೆಲಸ ಉಳಿಯುವುದೋ ಇಲ್ಲವೋ ಗೊತ್ತಿಲ್ಲ.

ಅಮ್ಮನಿಗೆ ನಿನ್ನೆ ಹೇಳಿದೆ. "ಮೊದಲ ಆ ತಾಯಿ ಮುಂದ ಹೋಗಿ ಕುಂಡ್ರು. ಅಲ್ಲಿತನಕ ನನಗ ಅಮ್ಮಾ ಅನಬ್ಯಾಡ" ಅಂದು ಒಳಗೆ ಹೋದಳು.

ಬರುವ ರವಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಅಷ್ಟರೊಳಗೆ ಇದನ್ನು ಅವ್ವನಿಗೆ ಓದಿ ಹೇಳಿರು ಎಂದು ಬೇಡಿಕೊಳ್ಳಬೇಕೆಂದಿದ್ದೆ, ಅವಳ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲವೆಂದು. ಬೇಡ, ಓದಬೇಡ. ನಾನೇ ಹೇಳುತ್ತೇನೆ. ನೀನು ಕೇಳಿದ್ದಕ್ಕೆ ಮಾತ್ರ ಈಗಲೇ ಉತ್ತರ ತೆಗೆದುಕೋ. ಆ ಆಳದಲ್ಲಿ ನೀನು ಅಂಜಲಿಲ್ಲ. ಅಂಜಿದವನು ನಾನು.